ಅಪ್ಪ ಕತ್ತರಿಸಿದ ತುಂಡುಗಳು

ನನ್ನ ಅಪ್ಪ ತೆಗೆದ ಸಿನಿಮಾಗಳನ್ನು ನಂಬುವುದಾದರೆ ನಾನೂ ನನ್ನ ತಮ್ಮ ರವಿಯೂ ಅಂಗಳದಲ್ಲಿ ಉಂಡು, ಅಂಗಳದಲ್ಲಿ ಓದಿ, ಅಂಗಳದಲ್ಲೇ ದೊಡ್ಡವರಾದ ಮಕ್ಕಳು. ನಾಗಪುರದ ಮದ್ದುಗುಂಡಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮಗೆ ಎರಡು ಕೋಣೆ, ಒಂದು ಅಡುಗೆಮನೆ ಇದ್ದವು ಅನ್ನುವುದಕ್ಕೆ ಅವುಗಳಲ್ಲಿ ಒಂದು ಸಾಕ್ಷಿಯೂ ಸಿಗುವುದಿಲ್ಲ. ಅಪ್ಪನ ಪುಟ್ಟ ಮೂವಿ ಕ್ಯಾಮೆರಾಕ್ಕೆ ಬಿಸಿಲು ಬೇಕಿತ್ತು, ಮನೆಯೊಳಗಿನ ಮಬ್ಬಿನಲ್ಲಿ ಅದಕ್ಕೆ ಏನೂ ಕಾಣುತ್ತಿರಲಿಲ್ಲ. ಆದ್ದರಿಂದ ಹಬ್ಬ ಬಂತೆಂದರೆ ಚಾಪೆ, ತಾಟು, ತೊಟ್ಟಿಲು, ಗಣಪತಿಯ ಮಣೆ ಎಲ್ಲವೂ ಹೊರಗೆ ಬರುತ್ತಿದ್ದವು. ಸಂಜೆ ಆಗಬೇಕಾದ ಆರತಿ ಮಧ್ಯಾಹ್ನ ಮೂರಕ್ಕೇ ಒಮ್ಮೆ ಆಗುತ್ತಿತ್ತು. ಅದು ದೇವರಿಗಲ್ಲ, ಅಪ್ಪನಿಗೆ. ಒಂದು ರೀಲಿಗೆ ಮೂರೇ ನಿಮಿಷ, ಆ ಮೂರು ನಿಮಿಷಕ್ಕೆ ಎರಡು ತಾಸಿನ ತಾಲೀಮು. ಅವ್ವ ನಾಲ್ಕು ಸಲ ಬಡಿಸಿದಂತೆ ನಟಿಸಿದ ಮೇಲೆ ಐದನೆಯ ಸಲ ಕ್ಯಾಮೆರಾ ಓಡುತ್ತಿತ್ತು. ಅಷ್ಟರೊಳಗೆ ಹೋಳಿಗೆ ಆರಿ ಚರ್ಮದಂತಾಗಿ, ನೊಣ ಕೂತು, ಹಸಿವಿಗೆ ನಾವಿಬ್ಬರೂ ಅಳುಮೋರೆ ಹಾಕಿರುತ್ತಿದ್ದೆವು. ಅಪ್ಪ ಗದರುತ್ತಿದ್ದ, ನಾವು ನಗುತ್ತಿದ್ದೆವು. ಎಲ್ಲ ರೀಲುಗಳಲ್ಲೂ ನಗುತ್ತಲೇ ಇದ್ದೇವೆ. ಆ ನಗು ನೋಡಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅಪ್ಪ ತೀರಿಕೊಂಡು ಎರಡು ವರ್ಷವಾದ ಮೇಲೆ ರವಿ ಆ ರೀಲುಗಳನ್ನೆಲ್ಲ ಸೀತಾಬರ್ಡಿ ಪೇಟೆಯ ಒಂದು ಅಂಗಡಿಗೆ ಕೊಟ್ಟು, ಟಿವಿಯಲ್ಲಿ ನೋಡುವಂತೆ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದ. ಅವನು ನಾಗಪುರದ ಹತ್ತಿರದ ಮೌದಾದಲ್ಲಿ ನೌಕರಿ ಮಾಡಿ ಈಗಷ್ಟೇ ನಿವೃತ್ತನಾಗಿದ್ದಾನೆ, ಹೊಸ ಫ್ಲ್ಯಾಟು ತಗೊಂಡಿದ್ದಾನೆ. ಅದರ ಹಾಲ್‌ನ ಗೋಡೆಗೆ ಹಿರಿಯರ ಫೋಟೋಗಳನ್ನು ಸಾಲಾಗಿ ಹಾಕಬೇಕು ಅನ್ನುವುದು ಅವನ ಆಸೆ. ಅಜ್ಜ, ಅಜ್ಜಿ, ಅಪ್ಪ, ಅವ್ವ, ನಾಲ್ಕು ಚೌಕಟ್ಟು ತಯಾರಾಗಿದ್ದವು. ದೊಡ್ಡವ್ವ ಎಲ್ಲಿ ಅಂತ ನಾನು ಕೇಳಿದೆ. ದೊಡ್ಡವ್ವ ಅಂದರೆ ನಮ್ಮ ಅವ್ವನ ಅಕ್ಕ ನೀಲವ್ವ, ನಮ್ಮಿಬ್ಬರನ್ನೂ ಸಾಕಿದವಳು.

"ಅಕ್ಕಾ, ಆಕೀದು ಒಂದು ಫೋಟೋನೂ ಇಲ್ಲಲ್ಲ. ಎಲ್ಲಿಂದ ತರ್ಲಿ?"

"ಹುಡುಕು."

"ಮೂರು ಟ್ರಂಕ್ ಹುಡುಕೇನಿ. ನೀನರ ಆಕಿ ಮುಖ ಹೆಂಗಿತ್ತು ಹೇಳು, ಯಾರ ಕಡಿಂದರ ಚಿತ್ರ ತಗಸೂಣು."

ಹೇಳಲು ಬಾಯಿ ತೆರೆದೆ. ಅವಳ ಕೈ ನೆನಪಿದೆ, ಬೆನ್ನು ನೆನಪಿದೆ, ಇದ್ದಿಲ ಹೊಗೆ ಹತ್ತಿದ ಸೆರಗಿನ ವಾಸನೆ ನೆನಪಿದೆ, ಮುಖ ಮಾತ್ರ ಇಲ್ಲ. ಹಣೆ ಅಗಲವಿತ್ತೋ ಕಿರಿದಿತ್ತೋ ಗೊತ್ತಿಲ್ಲ. ಹದಿನಾಲ್ಕು ವರ್ಷ ದಿನಾ ಬೆಳಿಗ್ಗೆ ನನ್ನ ತಲೆ ಬಾಚಿ ಹೆಣಲು ಹಾಕಿದವಳ ಮುಖವನ್ನು ನಾನು ಕಳೆದುಕೊಂಡಿದ್ದೆ, ಮತ್ತು ಅದು ಕಳೆದದ್ದು ಆ ದಿನದವರೆಗೂ ನನಗೆ ಗೊತ್ತೇ ಇರಲಿಲ್ಲ. ನನಗೆ ಹೆದರಿಕೆಯಾಯಿತು. ಆ ಹಾಳು ಸಿನಿಮಾಗಳನ್ನು ಸಾಯುವವರೆಗೆ ನೋಡುವುದಿಲ್ಲ ಅಂದುಕೊಂಡಿದ್ದವಳು, ಅವಳ ಮುಖ ಒಂದು ಸಲ ಕಂಡರೆ ಸಾಕು ಅಂತ, ರವಿಯ ಸೋಫಾದ ಮೇಲೆ ಮೂರು ಮಧ್ಯಾಹ್ನ ಹೋಗಿ ಕೂತೆ.

ದೊಡ್ಡವ್ವನಿಗೆ ತೊನ್ನಿತ್ತು. ಎಡಗೆನ್ನೆ, ತುಟಿಯ ಅಂಚು, ಎರಡೂ ಮುಂಗೈ ಬೆಳ್ಳಗಾಗಿದ್ದವು. ಅದಕ್ಕಾಗಿಯೇ ಮದುವೆ ಆಗಲಿಲ್ಲ. ನಾನು ಹುಟ್ಟುವಾಗ ಅವ್ವನ ಬಾಣಂತನಕ್ಕೆಂದು ಗದುಗಿನ ಕಡೆಯಿಂದ ಬಂದವಳು, ಮೂರು ತಿಂಗಳಿಗೆ ಹೋಗಬೇಕಾಗಿದ್ದವಳು, ಹದಿನಾಲ್ಕು ವರ್ಷ ಉಳಿದಳು. ಅಡುಗೆಮನೆ ಅವಳದು. ಹಿಟ್ಟಿನ ಡಬ್ಬಕ್ಕೂ ನೀರಿನ ಹಂಡೆಗೂ ನಡುವೆ ಒಂದು ಚಾಪೆ ಹಾಸುವಷ್ಟು ಜಾಗವಿತ್ತು, ಅಲ್ಲೇ ಮಲಗುತ್ತಿದ್ದಳು. ಸಾವನೇರ್ ಕಡೆಯ ಕಲ್ಲಿದ್ದಲನ್ನು ಸಿಗಡಿ ಒಲೆಯಲ್ಲಿ ಹೊತ್ತಿಸಿ, ನಾಗಪುರದ ಮೇ ತಿಂಗಳ ಧಗೆಯಲ್ಲಿ, ಹೊರಗೆ ಹಕ್ಕಿಯೂ ಹಾರದ ಹೊತ್ತಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮೊದಲನೆಯ ರೊಟ್ಟಿ ನನಗೆ, ಬೆಣ್ಣೆ ಮತ್ತು ಶೇಂಗಾ ಚಟ್ನಿ ಹಚ್ಚಿ, ಸುರುಳಿ ಮಾಡಿ ಕೈಗೆ ಕೊಡುತ್ತಿದ್ದಳು. ಅವ್ವ ಅಪ್ಪನ ಜೊತೆ ಜಗಳ ಮಾಡಲಾರದೆ ಆ ಸಿಟ್ಟನ್ನೆಲ್ಲ ತಂದು ಅಡುಗೆಮನೆಯಲ್ಲಿ ಸುರಿಯುತ್ತಿದ್ದಳು. ಉಪ್ಪು ಹೆಚ್ಚಾಯಿತು, ಹಾಲು ಉಕ್ಕಿತು, ನೀನೇ ಮಕ್ಕಳನ್ನು ತಲೆಗೇರಿಸಿದ್ದು. ದೊಡ್ಡವ್ವ ಒಂದಕ್ಕೂ ಎದುರು ಆಡುತ್ತಿರಲಿಲ್ಲ. ನೆರೆಮನೆಯ ಮರಾಠಿ ಹೆಂಗಸರು ಅವಳನ್ನು ಕಂಡರೆ ದನಿ ತಗ್ಗಿಸಿ ಇದು ಅಂಟುತ್ತದೆಯೇ ಅಂತ ಅವ್ವನನ್ನು ಕೇಳುತ್ತಿದ್ದರು. ಇಲ್ಲ ಅಂತ ಅವ್ವ ಹೇಳುತ್ತಿದ್ದಳು, ಆದರೆ ಅವರ ಮನೆಗೆ ಅರಿಶಿನ ಕುಂಕುಮಕ್ಕೆ ಅವಳನ್ನು ಯಾವತ್ತೂ ಕರೆದುಕೊಂಡು ಹೋಗಲಿಲ್ಲ.

ಅಪ್ಪನ ರೀತಿ ಬೇರೆ. ಅವನು ಒರಟು ಮಾತು ಆಡಿದವನಲ್ಲ. ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್, ತಯಾರಾದ ಲೋಹದ ಭಾಗಗಳನ್ನು ಅಳೆದು ಪಾಸು ಫೇಲು ಮಾಡುವುದೇ ಅವನ ನೌಕರಿ, ಅದೇ ತಣ್ಣನೆಯ ಮರ್ಯಾದೆ ಮನೆಗೂ ಬಂದಿತ್ತು. ಅಂಗಳದಲ್ಲಿ ಕ್ಯಾಮೆರಾ ಕೈಗೆತ್ತಿಕೊಂಡ ಕೂಡಲೇ ಅಡುಗೆಮನೆಯ ಬಾಗಿಲ ಕಡೆ ತಿರುಗಿ ಹೇಳುತ್ತಿದ್ದ.

"ಅಕ್ಕಾರ, ಸ್ವಲ್ಪ ಒಳಗ ಸರೀರಿ. ಬಿಸಲಾಗ ಬಿಳೇದು ಬಂತಂದ್ರ ರೀಲ್ ಪೂರಾ ಹಾಳಾಗತೈತಿ."

"ಹೌದ್ರಿ, ಹೌದ್ರಿ. ನಂಗ ಗೊತ್ತಾಗಲಿಲ್ಲ ನೋಡ್ರಿ."

ಅವಳು ಒಳಗೆ ಸರಿಯುತ್ತಿದ್ದಳು. ತಾನು ಮಾಡಿದ ಹೋಳಿಗೆಯನ್ನು ತಂಗಿ ಬಡಿಸುವುದನ್ನು, ತಾನು ಎಣ್ಣೆ ಹಚ್ಚಿ ಬಾಚಿದ ತಲೆಗಳು ಬಿಸಿಲಲ್ಲಿ ಹೊಳೆಯುವುದನ್ನು ಕಿಟಕಿಯ ಸರಳುಗಳ ಹಿಂದಿನಿಂದ ನೋಡುತ್ತಿದ್ದಳು. ತೊನ್ನಿನ ಬಿಳುಪು ಕ್ಯಾಮೆರಾದ ಎದುರು ಬಂದರೆ ಇಡೀ ರೀಲು ಕೆಡುತ್ತದೆ ಅನ್ನುವುದು ನಮ್ಮ ಮನೆಯಲ್ಲಿ ವಿಜ್ಞಾನವಾಗಿತ್ತು. ಅವ್ವ ನಂಬಿದ್ದಳು, ದೊಡ್ಡವ್ವನೂ ನಂಬಿದ್ದಳು. ರವಿ ಅದನ್ನು ಶಾಲೆಯಲ್ಲಿ ಗೆಳೆಯರಿಗೆ ಹೇಳಿ ದೊಡ್ಡ ಮನುಷ್ಯನಾಗಿದ್ದ. ನಾನೊಬ್ಬಳು ನಂಬಿರಲಿಲ್ಲ ಅಂತ ಐವತ್ತು ವರ್ಷ ಹೇಳಿಕೊಂಡು ಬಂದೆ.

ಮೊದಲನೆಯ ಮಧ್ಯಾಹ್ನ ನೋಡಿದ್ದೆಲ್ಲ ಬಿಳಿಯೇ. ಸುಣ್ಣ ಹೊಡೆದ ಕಾಂಪೌಂಡ್ ಗೋಡೆ, ರಂಗೋಲಿ, ಸೋದರಮಾವನ ಧೋತರ, ರವಿಯ ಶಾಲೆಯ ಅಂಗಿ. ಒಂದು ರೀಲಿನಲ್ಲಿ ಯಾರೋ ನೆರೆಯವರ ಕೈಗೆ ಕ್ಯಾಮೆರಾ ಕೊಟ್ಟು ಅಪ್ಪನೇ ಮೇಲಿಂದ ಕೆಳಗಿನವರೆಗೆ ಬೆಳ್ಳನೆಯ ಬಟ್ಟೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ. ರೀಲು ಸೂಜಿಮೊನೆಯಷ್ಟೂ ಕೆಟ್ಟಿಲ್ಲ. ರವಿಯ ಮಗಳು ಇಶಾ ನನ್ನ ಪಕ್ಕದಲ್ಲಿ ಕಾಲು ಮಡಚಿ ಕೂತಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ಮರಾಠಿಯಲ್ಲಿ ಯೋಚಿಸಿ ಕನ್ನಡದಲ್ಲಿ ಮಾತಾಡುತ್ತಾಳೆ, ಕನ್ನಡ ಓದಲು ಬರುವುದಿಲ್ಲ. ನನ್ನ ಕಥೆಗಳನ್ನು ಕೇಳುವವಳು ಅವಳೊಬ್ಬಳೇ.

"ಅತ್ಯಾ, ಅಜ್ಜಾ ತೋ ಪೂರಾ ವೈಟ್‌ದಾಗ ಇದಾನ. ರೀಲ್ ಖರಾಬ್ ಆಗಲೇ ಇಲ್ಲಲ್ಲ?"

"ಆಗೂದಿಲ್ಲ. ನಿಮ್ಮಜ್ಜ ಸುಳ್ಳ ಹೇಳ್ತಿದ್ದ."

"ಅವಗೂ ಗೊತ್ತಿರಲಿಕ್ಕಿಲ್ಲ ಬಿಡ ಅಕ್ಕಾ," ಅಂದ ರವಿ. "ಆಗ ಯಾರಿಗೆ ಇಷ್ಟೆಲ್ಲಾ ತಿಳೀತಿತ್ತು."

"ನೂಲಿನಷ್ಟು ಹೆಚ್ಚುಕಡಿಮಿ ಆದ್ರ ಕಂಡಹಿಡಿಯಾಂವ. ಅವಗ ಗೊತ್ತಿತ್ತು."

ರವಿ ಮುಂದಿನ ರೀಲು ಹಾಕಿದ. ಅವನಿಗೆ ಯಾವತ್ತೂ ಅಪ್ಪನ ಪರವಾಗಿ ಒಂದು ಮಾತು ಇದ್ದೇ ಇರುತ್ತದೆ, ಎರಡನೆಯ ಮಾತು ಇರುವುದಿಲ್ಲ. ಆ ಮಧ್ಯಾಹ್ನ ಆರು ರೀಲು ನೋಡಿದೆವು. ದೊಡ್ಡವ್ವ ಒಂದರಲ್ಲೂ ಇರಲಿಲ್ಲ. ಕಿಟಕಿಯ ಸರಳುಗಳ ಹಿಂದೆ ಏನಾದರೂ ಕಂಡೀತೇ ಅಂತ ನಾನು ಎದ್ದು ಟಿವಿಯ ಹತ್ತಿರ ಹೋಗಿ ನಿಂತೆ. ಕಪ್ಪು ಚೌಕ ಬಿಟ್ಟು ಬೇರೇನೂ ಇರಲಿಲ್ಲ.

ಇನ್ನು ನನ್ನ ಕಥೆ ಹೇಳಬೇಕು. ಅದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ, ಇಶಾಗೆ ಮಲಗಿಸುವಾಗ ಹೇಳಿದ್ದೇನೆ. ನಮ್ಮ ಕಡೆ ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಸಕ್ಕರೆಯ ಗೊಂಬೆಗಳನ್ನು ತಾಟಿನಲ್ಲಿಟ್ಟು, ದೀಪ ಹಚ್ಚಿ ಗೌರಿಗೆ ಬೆಳಗುತ್ತಾರೆ, ಸಕ್ಕರೆ ಆರತಿ ಅನ್ನುತ್ತಾರೆ. ನಾಗಪುರದಲ್ಲಿ ಆ ಗೊಂಬೆ ಎಲ್ಲಿ ಸಿಗಬೇಕು? ದೊಡ್ಡವ್ವ ಊರಿನಿಂದ ಬರುವಾಗಲೇ ಕಟ್ಟಿಗೆಯ ಅಚ್ಚುಗಳನ್ನು ಸೀರೆಯಲ್ಲಿ ಸುತ್ತಿ ತಂದಿದ್ದಳು. ಗಾಂಧಿಬಾಗ್ ಪೇಟೆಯಿಂದ ಚೊಕ್ಕ ಸಕ್ಕರೆ ತರಿಸಿ, ಹಾಲು ಹಾಕಿ ಕೊಳೆ ತೆಗೆದು, ಪಾಕ ಕಾಸಿ, ಅಚ್ಚನ್ನು ದಾರದಿಂದ ಬಿಗಿದು ಸುರಿಯುತ್ತಿದ್ದಳು. ಆನೆ, ಒಂಟೆ, ಗಿಳಿ, ಗೋಪುರ, ಒಂದೊಂದೂ ಹಾಲಿನಂತೆ ಬೆಳ್ಳಗೆ. ನನಗೆ ಒಂಬತ್ತು ವರ್ಷವಿದ್ದಾಗಿನ ಗೌರಿ ಹುಣ್ಣಿಮೆಯ ಮಧ್ಯಾಹ್ನ ನಾನು ತಾಟು ಹಿಡಿದು ಅಂಗಳದಲ್ಲಿ ನಿಂತಿದ್ದೆ. ದೊಡ್ಡವ್ವ ಯಾವುದಕ್ಕೋ ಹೊರಗೆ ಬಂದಳು. ಅಪ್ಪ ಅವಳನ್ನು ಒಳಗೆ ಕಳಿಸಿದ. ಆಗ ನಾನು, ಈ ಗೊಂಬೆ ಮಾಡಿದವಳು ಬರದಿದ್ದರೆ ನನಗೂ ನಿನ್ನ ಸಿನಿಮಾ ಬೇಡ ಅಂತ ಹೇಳಿ ತಾಟನ್ನು ನೆಲಕ್ಕೆ ಬೀಸಿ ಒಗೆದೆ. ಇದು ಕಥೆ. ನಾನು ಎಂಥವಳು ಅಂತ ಯಾರಾದರೂ ಕೇಳಿದರೆ ನಾನು ಈ ಕಥೆಯಲ್ಲಿನ ಹುಡುಗಿ ಅನ್ನುವುದೇ ನನ್ನ ಉತ್ತರವಾಗಿತ್ತು.

ನಾಲ್ಕು ವರ್ಷದ ಹಿಂದೆ ಅಪ್ಪನ ಮನೆಯಲ್ಲಿ ಊಟಕ್ಕೆ ಕೂತಾಗ ಇಶಾ ಏನೋ ಕೇಳಿದ್ದಕ್ಕೆ ನಾನು ಅದನ್ನು ಅವನ ಎದುರೇ ಹೇಳಿದೆ. ಬೇಕೆಂದೇ ಹೇಳಿದೆ. ಅಪ್ಪ ಆಗ ಎಂಬತ್ತೆಂಟರ ಮುದುಕ, ಕಿವಿ ಮಂದ, ಆದರೆ ಇದು ಕೇಳಿಸಿತು.

"ಸುಳ್ಳ ಹೇಳಬ್ಯಾಡ. ಆಕೀನ್ನ ದಬ್ಬಿದಾಕಿ ನೀನ."

"ನಾನಾ?"

"ಹೂಂ, ನೀನ. ಕ್ಯಾಮೆರಾದಾಗಿಂದ ನಾನ ನೋಡೇನಿ."

ತನ್ನ ಪಾಪವನ್ನು ಒಂಬತ್ತು ವರ್ಷದ ಕೂಸಿನ ತಲೆಗೆ ಕಟ್ಟುವ ಮುದುಕ ಅಂತ ಅವನಿಗೆ ಹೇಳಿದೆ. ಇನ್ನೂ ಏನೇನೋ ಅಂದೆ. ಅರ್ಧ ಉಂಡ ತಾಟಿನಲ್ಲೇ ಕೈ ತೊಳೆದು ಎದ್ದು ಬಂದೆ. ಆಮೇಲೆ ಎರಡು ವರ್ಷ ಅವನ ಹೊಸ್ತಿಲು ತುಳಿಯಲಿಲ್ಲ. ಕಡೆಯ ವಾರದಲ್ಲಿ ರವಿ ಮೂರು ಸಲ ಫೋನ್ ಮಾಡಿದ, ಅಪ್ಪ ನಿನ್ನ ಹೆಸರು ಹಿಡಿದು ಕರೆಯುತ್ತಿದ್ದಾನೆ ಅಂದ. ಮೊಣಕಾಲು ನೋವು ಅಂದೆ. ಹೆಣ ಎತ್ತುವ ಹೊತ್ತಿಗೆ ಹೋದೆ. ನನಗೆ ಪಶ್ಚಾತ್ತಾಪವೇನೂ ಆಗಲಿಲ್ಲ ಅಂತ ಇಲ್ಲಿ ಬರೆದಿಡುತ್ತೇನೆ, ಯಾಕೆಂದರೆ ಆಗ ನಿಜವಾಗಿಯೂ ಆಗಲಿಲ್ಲ. ನನ್ನ ಕಡೆ ಸತ್ಯವಿದೆ ಅನ್ನುವ ಧೈರ್ಯವಿತ್ತು.

ಎರಡನೆಯ ಮಧ್ಯಾಹ್ನ ಆ ಗೌರಿ ಹುಣ್ಣಿಮೆಯ ರೀಲು ಬಂತು. ಕಾಲು ಮುಟ್ಟುವ ಹಸಿರು ಪರಕಾರ, ಎರಡು ಹೆಣಲು, ಎದೆಯ ಮಟ್ಟಕ್ಕೆ ಹಿಡಿದ ತಾಟು, ನಾನು. ಬಿಸಿಲಿಗೆ ಸಕ್ಕರೆಯ ಗೊಂಬೆಗಳು ಝಗಝಗ ಹೊಳೆಯುತ್ತಿದ್ದವು, ಫಿಲ್ಮಿಗೆ ಏನೂ ಆಗಿರಲಿಲ್ಲ. ತಾಟಿನ ಅಂಚಿನಲ್ಲಿ ಗಿಳಿ ಒಂದು ಬದಿಗೆ ವಾಲಿ ನಿಂತಿತ್ತು. ಚಿತ್ರ ಒಮ್ಮೆ ಜಿಗಿಯಿತು. ಗಿಳಿ ಇಲ್ಲ. ಉಳಿದ ಗೊಂಬೆಗಳೆಲ್ಲ ಇದ್ದಲ್ಲೇ ಇವೆ, ನಾನು ನಗುತ್ತಿದ್ದೇನೆ. ನಡುವಿನದನ್ನು ಕತ್ತರಿಸಿ ಅಂಟಿಸಿದ್ದಾನೆ ಅಂತ ಯಾರಿಗಾದರೂ ಗೊತ್ತಾಗುವಂತಿತ್ತು. ಅಪ್ಪ ಕತ್ತರಿ, ಅಂಟು, ಭೂತಕನ್ನಡಿ ಇಟ್ಟುಕೊಂಡು ಭಾನುವಾರ ಮಾಡುತ್ತಿದ್ದ ಕೆಲಸವೇ ಅದು.

"ನೋಡಿದ್ಯಾ ಇಶಾ? ಇಲ್ಲೆ ಕತ್ತರಿಸ್ಯಾನ. ನಾ ತಾಟ ಒಗದದ್ದು ಇಲ್ಲೇ ಇತ್ತು."

"ಪಣ್ ಅತ್ಯಾ, ತಾಟು ಒಗದಿದ್ರ ಬಾಕಿ ಗೊಂಬಿ ಹೆಂಗ ಉಳದಾವ?"

ಅವಳು ಇಂಜಿನಿಯರಿಂಗ್ ಓದಿದವಳು. ಮತ್ತೆ ಜೋಡಿಸಿರಬೇಕು ಅಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. ಕತ್ತರಿಸಿದ್ದು ಎಲ್ಲಿ ಹೋಯಿತು ಅಂತ ಅವಳು ರವಿಯನ್ನು ಕೇಳಿದಳು. ಆಗ ರವಿ, ರೀಲುಗಳ ಜೊತೆ ಒಂದು ಬಿಸ್ಕೀಟಿನ ಡಬ್ಬಿಯೂ ಇತ್ತು, ಅದರ ತುಂಬ ಬರೀ ಚೂರುಪಾರು, ಅಂಗಡಿಯವನು ಅದನ್ನೂ ಬೇರೆಯಾಗಿ ಹಾಕಿಕೊಟ್ಟಿದ್ದಾನೆ, ಕಸ ಅಂತ ನಾನು ನೋಡಿಲ್ಲ ಅಂದ. ಆ ಡಬ್ಬಿಯನ್ನು ತಂದು ತೋರಿಸಿದ. ಮುಚ್ಚಳದ ಮೇಲೆ ಅಡ್ಡಕ್ಕೆ ಒಂದು ಗೆರೆ ಕೆಂಪು ಬಣ್ಣ ಎಳೆದಿತ್ತು. ನನಗೆ ಕೂಡಲೇ ತಿಳಿಯಿತು. ಅಪ್ಪನ ಕಾರ್ಖಾನೆಯಲ್ಲಿ ಅಳತೆಗೆ ಬಾರದ ತುಂಡನ್ನು ಬಿಸಾಡುವಂತಿರಲಿಲ್ಲ. ಅದಕ್ಕೆ ಕೆಂಪು ಬಳಿದು, ಒಳ್ಳೆಯ ಮಾಲಿನ ಜೊತೆ ಸೇರದಂತೆ ಬೇರೆ ಪೆಟ್ಟಿಗೆಯಲ್ಲಿ ಇಡಬೇಕು. ಅಪ್ಪ ಊಟಕ್ಕೆ ಕೂತಾಗಲೂ ಈ ನಿಯಮವನ್ನು ಹೇಳುತ್ತಿದ್ದ. ಬಿಸಾಡದೆ ಜೋಪಾನವಾಗಿ ಇಟ್ಟಿದ್ದಾನಲ್ಲ ಅಂತ ರವಿಯ ಕಣ್ಣು ತುಂಬಿತು. ನನ್ನದು ತುಂಬಲಿಲ್ಲ. ಕೆಂಪು ಬಳಿದು ಇಡುವುದಕ್ಕೆ ಪ್ರೀತಿ ಬೇಕಾಗಿಲ್ಲ.

ಮೂರನೆಯ ಮಧ್ಯಾಹ್ನ ಆ ಚೂರುಗಳನ್ನು ಹಾಕಿದೆವು. ಹನ್ನೊಂದು ತುಂಡು, ಹೆಚ್ಚಿನವು ಎರಡು ಮೂರು ಸೆಕೆಂಡಿನವು. ಹನ್ನೊಂದರಲ್ಲೂ ದೊಡ್ಡವ್ವ. ಬಾಗಿಲಲ್ಲಿ ಕಾಣಿಸಿದ ಸೆರಗು, ನೀರಿನ ತಂಬಿಗೆ ಇಟ್ಟು ಹಿಂದೆ ಸರಿಯುವ ಕೈ, ರವಿಯ ಮೂಗು ಒರೆಸಲು ಬಗ್ಗಿದ ಬೆನ್ನು. ಮೊದಲ ಹತ್ತರಲ್ಲೂ ಮುಖ ಆಚೆಗಿದೆ, ಇಲ್ಲವೇ ಸೆರಗಿನ ಹಿಂದಿದೆ. ಹತ್ತು ತುಂಡು ಮುಗಿಯುವಷ್ಟರಲ್ಲಿ ನಾನು ಅಪ್ಪನನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ಹನ್ನೊಂದನೆಯದು ಬಂತು, ಎಲ್ಲಕ್ಕಿಂತ ಉದ್ದದ್ದು.

ಅಂಗಳದಲ್ಲಿ ನಾನು ತಾಟು ಹಿಡಿದು ನಿಂತಿದ್ದೇನೆ. ಬಲಗಡೆಯಿಂದ ದೊಡ್ಡವ್ವ ಬರುತ್ತಾಳೆ, ಏನೋ ಹೇಳುತ್ತ, ಅವಸರದಲ್ಲಿ. ವಾಲಿದ ಗಿಳಿಯನ್ನು ಕಂಡಿದ್ದಾಳೆ. ನನ್ನ ಎದುರು ಕುಕ್ಕರಗಾಲಲ್ಲಿ ಕೂತು ಅದನ್ನು ಎರಡು ಬೆರಳಿನಿಂದ ಎತ್ತಿ ನಿಲ್ಲಿಸುತ್ತಾಳೆ. ನಾನು ತಾಟನ್ನು ಎಡಗೈಗೆ ಬದಲಿಸುತ್ತೇನೆ. ಬಲಗೈಯನ್ನು ಅವಳ ಎಡಗೆನ್ನೆಯ ಮೇಲೆ, ಆ ಬಿಳುಪಿನ ಮೇಲೆ, ಸರಿಯಾಗಿ ಅದು ಮುಚ್ಚುವ ಹಾಗೆ ಇಡುತ್ತೇನೆ, ಮತ್ತು ದಬ್ಬುತ್ತೇನೆ. ಅವಳು ಮೊದಲು ಆಟ ಅಂದುಕೊಂಡು ನಗುತ್ತಾಳೆ. ಎರಡನೆಯ ಸಲ ನಾನು ಜೋರಾಗಿ ದಬ್ಬಿದಾಗ ಅವಳ ಮುಖ ತಿರುಗಿ ನೇರ ಕ್ಯಾಮೆರಾವನ್ನು ನೋಡುತ್ತದೆ. ಆಗ ಅವಳಿಗೆ ಕ್ಯಾಮೆರಾ ಓಡುತ್ತಿದೆ ಅಂತ ಗೊತ್ತಾಗುತ್ತದೆ. ಗಿಳಿ ಬೀಳುತ್ತದೆ. ಅವಳು ಸೆರಗೆಳೆದುಕೊಂಡು ಎದ್ದು ಹೋಗುತ್ತಾಳೆ. ನಾನು ಪರಕಾರ ಸರಿಮಾಡಿಕೊಂಡು ಅಪ್ಪನ ಕಡೆ ನೋಡಿ ನಗುತ್ತೇನೆ.

ಅಗಲವಾದ ಹಣೆ. ಕೂಡಿದ ಹುಬ್ಬು. ನನ್ನದೇ ಮೂಗು. ಇವಳೇ.

ಮುಖ ಸಿಕ್ಕಿತು ಅಂತ ರವಿ ಚಪ್ಪಾಳೆ ಹೊಡೆದ. ನಾನು ಮತ್ತೆ ಹಾಕು ಅಂದೆ. ಹತ್ತು ಹನ್ನೆರಡು ಸಲ ಹಾಕಿಸಿದೆ. ನಾನು ಹುಡುಕುತ್ತಿದ್ದದ್ದು ಬೇರೆ. ದಬ್ಬುವ ಮೊದಲು ನಾನು ಅಪ್ಪನ ಕಡೆ ನೋಡಿರಬೇಕು, ಅವನು ಏನೋ ಸನ್ನೆ ಮಾಡಿರಬೇಕು, ಅವನ ದನಿಗೆ ನನ್ನ ಹೆಗಲು ಬೆದರಿರಬೇಕು. ಅಂಥದ್ದೊಂದು ಗುರುತು ಸಿಕ್ಕರೆ ಸಾಕಾಗಿತ್ತು. ಸಿಗಲಿಲ್ಲ. ನಾನು ಅಪ್ಪನ ಕಡೆ ನೋಡಲೇ ಇಲ್ಲ. ಯಾರೂ ಹೇಳದೆ, ಕೆಲಸ ಗೊತ್ತಿರುವವಳ ಹಾಗೆ, ನಾನೇ ಮಾಡಿದೆ. ಅಪ್ಪನನ್ನು ನೋಡಿದ್ದು ಆಮೇಲೆ, ಶಾಭಾಸ್ ಅನ್ನಿಸಿಕೊಳ್ಳುವುದಕ್ಕೆ. ಆ ಹುಡುಗಿ ರೀಲು ಕೆಡುತ್ತದೆ ಅಂತ ನಂಬಿದ್ದಳು ಅನ್ನಬಹುದು. ನಂಬಿದ್ದಳು, ಖರೆ. ಆದರೆ ಆ ಮುಖದಲ್ಲಿ ಬರೀ ನಂಬಿಕೆ ಇಲ್ಲ. ತನ್ನನ್ನು ಅಂಗಳದಲ್ಲಿ ಇಟ್ಟು ಇನ್ನೊಬ್ಬಳನ್ನು ಒಳಗೆ ಕಳಿಸುವ ಅಧಿಕಾರ ಸಿಕ್ಕ ಖುಷಿಯೂ ಇದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ್ದೇನೆ, ಮಕ್ಕಳ ಮುಖದಲ್ಲಿ ಆ ಖುಷಿ ನನಗೆ ಗುರುತು ಸಿಗುತ್ತದೆ.

ತಾಟು ಒಗೆದ ಕಥೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ನನಗೆ ಹದಿನಾಲ್ಕಾದಾಗ ದೊಡ್ಡವ್ವನನ್ನು ಊರಿಗೆ ಕಳಿಸಿಬಿಟ್ಟರು, ಮಕ್ಕಳು ದೊಡ್ಡವರಾದರಲ್ಲ ಇನ್ನೇನು ಕೆಲಸ ಅಂತ. ತನ್ನ ಅಣ್ಣನ ಮನೆಯ ಹಿತ್ತಿಲ ಕೋಣೆಯಲ್ಲಿ ನಾಲ್ಕು ವರ್ಷವಿದ್ದು ಸತ್ತಳು. ಸುದ್ದಿ ಅಂಚೆ ಕಾರ್ಡಿನಲ್ಲಿ ಬಂತು. ಬಹುಶಃ ಆ ಕಾರ್ಡು ಓದಿದ ದಿನದಿಂದ ನಾನು ಆ ತಾಟನ್ನು ಒಗೆಯಲು ಶುರುಮಾಡಿರಬೇಕು. ಹೇಳಿ ಹೇಳಿ ಅದು ನಿಜವಾಯಿತು. ಆ ನಿಜ ಹಿಡಿದುಕೊಂಡು ಅಪ್ಪನ ತಾಟಿನಲ್ಲಿ ಕೈ ತೊಳೆದು ಎದ್ದೆ, ಅವನು ಕರೆದಾಗ ಹೋಗಲಿಲ್ಲ. ಅವನು ಆ ಒಂದು ಮಾತಿನಲ್ಲಿ ಸುಳ್ಳು ಹೇಳಿರಲಿಲ್ಲ. ಅದನ್ನು ಒಪ್ಪುತ್ತೇನೆ. ಆದರೆ ಅವನನ್ನು ನಾನು ಕ್ಷಮಿಸಿಲ್ಲ. ಒಂಬತ್ತು ವರ್ಷದ ಕೂಸಿಗೆ ಆ ಕೆಲಸ ಕಲಿಸಿದವನು ಅವನೇ. ಇಷ್ಟು ವರ್ಷ ಒಬ್ಬನ ಮೇಲಿದ್ದ ಸಿಟ್ಟು ಈಗ ಇಬ್ಬರ ಮೇಲಿದೆ, ಅಷ್ಟೇ ವ್ಯತ್ಯಾಸ.

ಇಶಾ ದೊಡ್ಡವ್ವನ ಮುಖ ಕ್ಯಾಮೆರಾಕ್ಕೆ ನೇರವಾಗಿರುವ ಗಳಿಗೆಯನ್ನು ನಿಲ್ಲಿಸಿ ಫೋನಿಗೆ ತೆಗೆದುಕೊಂಡಳು. ಕೆನ್ನೆಯ ಮೇಲೆ ನನ್ನ ಕೈ ಹಾಗೇ ಇತ್ತು. ನನ್ನ ಮುಖ ನೋಡಿ ಅವಳಿಗೆ ಪಾಪ ಅನ್ನಿಸಿರಬೇಕು.

"ಅತ್ಯಾ, ಟೆನ್ಶನ್ ತಗೋಬ್ಯಾಡ. ಆ ಹಾಥ್ ತೆಗೀಬೋದು. ಆ್ಯಪ್ ಐತಿ ನನ್ನ ಕಡೆ."

ನಾನು ಹೂಂ ಅಂದೆ. ಬೇಡ ಅನ್ನಲಿಲ್ಲ, ಹೂಂ ಅಂದೆ. ಆ ಕೈ ಹೋಗಲಿ ಅನ್ನುವ ಆಸೆ ನನಗೂ ಇತ್ತು. ಅವಳು ಬೆರಳಿನಿಂದ ಕೈಯ ಸುತ್ತ ಗೆರೆ ಎಳೆದಳು, ಎರಡು ಗಳಿಗೆಯಲ್ಲಿ ಕೈ ಮಾಯವಾಯಿತು. ಫೋನನ್ನು ನನ್ನ ಮುಂದೆ ಹಿಡಿದಳು. ಬಲಗೆನ್ನೆಯ ಹಾಗೆಯೇ ಎಡಗೆನ್ನೆ, ಒಂದೇ ಸಮ ಕಂದು ಬಣ್ಣ. ಕೈಯ ಕೆಳಗೆ ಏನಿತ್ತು ಅಂತ ಆ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು, ಎಲ್ಲರ ಕೆನ್ನೆ ಹೇಗಿರುತ್ತದೋ ಹಾಗೆ ತುಂಬಿಸಿತ್ತು. ತುಟಿಯ ಅಂಚನ್ನೂ ತಾನೇ ತಿದ್ದಿತ್ತು. ಮದುವೆಗೆ ತೋರಿಸಬಹುದಾದ ದೊಡ್ಡವ್ವ.

"ಬರೋಬರ್ ಬಂತಲ್ಲ," ಅಂದ ರವಿ. "ಇದನ್ನ ಹಾಕೂಣು. ಭಾಳ ಚಲೋ ಕಾಣಸ್ತಾಳ."

"ಇದು ಯಾರು?"

"ಅಕ್ಕಾ, ದೊಡ್ಡವ್ವನಲಾ."

"ಅಲ್ಲ. ಇಶಾ, ಕೈ ವಾಪಸ್ ಇಡು."

"ಅತ್ಯಾ, ಮಗ ತೋ ಡಾಗ್... ಆ ಬಿಳೀ ಕಲಿ ಕಾಣಸ್ತೈತಿ."

"ಆ ಕಲಿ ಕಾಣ್ಲಿ ಅಂತಾನ ಹೇಳಾಕತ್ತೀನಿ. ಬೆರಳಿನ ಸಂದ್ಯಾಗ ಎಷ್ಟು ಕಾಣತೈತೋ ಅಷ್ಟರ ಕಾಣ್ಲಿ. ಕೈ ಇಡು."

ರವಿ ಎರಡು ದಿನ ವಾದ ಮಾಡಿದ. ನಿನ್ನ ಮರ್ಯಾದೆ ಹೋಗುತ್ತದೆ ಅಂದ, ಜನ ಏನಂತಾರೆ ಅಂದ. ಹಾಕದಿದ್ದರೆ ಗೃಹಪ್ರವೇಶಕ್ಕೆ ಬರುವುದಿಲ್ಲ ಅಂದೆ. ಅಪ್ಪನ ಮನೆ ಬಿಟ್ಟವಳು ತಮ್ಮನ ಮನೆ ಬಿಡಲು ಹೇಸುವವಳಲ್ಲ ಅಂತ ಅವನಿಗೆ ಗೊತ್ತು. ಐದನೆಯ ಚೌಕಟ್ಟು ತರಿಸಿದ. ಅಪ್ಪನ ಫೋಟೋದ ಪಕ್ಕದಲ್ಲೇ ಹಾಕಿಸಿದೆ. ಅಪ್ಪನಿಗೆ ಅದು ಸರಿಬರುತ್ತಿರಲಿಲ್ಲ, ಅದಕ್ಕೇ ಅಲ್ಲಿ.

ಗೃಹಪ್ರವೇಶದ ದಿನ ಕನ್ನಡ ಸಂಘದ ಹೆಂಗಸರು ಬಂದಿದ್ದರು. ಅವರಲ್ಲಿ ಧಾರವಾಡ ಕಡೆಯ ಬ್ಯಾಂಕಿನವರೊಬ್ಬರು, ನನಗೆ ಹೊಸ ಪರಿಚಯ, ಚಹಾದ ಕಪ್ಪು ಹಿಡಿದು ಗೋಡೆಯ ಮುಂದೆ ನಿಂತರು. ಬಹಳ ಹೊತ್ತು ನೋಡಿದರು. ಅವರ ಮುಖ ಮೆತ್ತಗಾಯಿತು.

"ಎಷ್ಟ ಪ್ರೀತಿಲೇ ಗಲ್ಲಾ ಸವರಾಕತ್ತೇತಿ ನೋಡ್ರಿ ಆ ಕೂಸು. ಯಾರ್ರಿ ಅದು?"

"ನಾನ್ರಿ. ಆಕಿ ನಮ್ಮ ದೊಡ್ಡವ್ವ."

"ದೊಡ್ಡವ್ವನ ಮ್ಯಾಲ ಭಾಳ ಜೀವ ಇತ್ತು ಅನಸ್ತೈತಿ ನಿಮಗ."

ರವಿ ಎದುರಿನಿಂದ ನನ್ನನ್ನೇ ನೋಡುತ್ತಿದ್ದ. ಹೂಂ ಅಂದುಬಿಡು, ಅಷ್ಟಕ್ಕೇ ಮುಗಿಯುತ್ತದೆ ಅನ್ನುವ ನೋಟ. ಹೂಂ ಅನ್ನುವುದು ನನಗೆ ಕಷ್ಟವಿರಲಿಲ್ಲ. ಐವತ್ತು ವರ್ಷ ಅದನ್ನೇ ಮಾಡಿದ್ದೆ.

"ಜೀವ ಇತ್ರಿ. ಆದ್ರ ಅದು ಸವರೂದಲ್ಲ. ಆಕಿ ಮಾರಿ ಸಿನಿಮಾದಾಗ ಬರಬಾರದು ಅಂತ ಹೊರಗ ದಬ್ಬಾಕತ್ತೀನಿ."

ಅವರು ಕಪ್ಪನ್ನು ಟೇಬಲ್ಲಿನ ಮೇಲಿಟ್ಟು ಮತ್ತೆ ಫೋಟೋದ ಕಡೆ ತಿರುಗಿದರು. ಈ ಸಲ ಅವರು ಕೂಸನ್ನು ನೋಡಲಿಲ್ಲ, ದೊಡ್ಡವ್ವನ ಮುಖ ನೋಡಿದರು.